ಆಯಿಯನ್ನೂ ಕರೆದುಕೊಂಡು ಹುಲಿ ನೋಡಲು

ಮನೆಮಂದಿಯೆಲ್ಲ ಒಂದು ದಿನ ಬಾಗಿಲಿಗೆ ಬೀಗ ಹಾಕಿ ಒಟ್ಟಾಗಿ ಹೊರಗೆ ಹೊರಡುವುದು ಮೇಲ್ನೋಟಕ್ಕೆ ಸಣ್ಣ ಸಂಗತಿ. ಆದರೆ ಯೋಜನೆಗೆ ಕುಳಿತಾಗಲೇ ಆ ಮನೆಯೊಳಗೆ ಯಾರ ಮಾತಿಗೆ ಎಷ್ಟು ತೂಕ, ಯಾರ ಕಷ್ಟ ಯಾರ ಕಣ್ಣಿಗೆ ಬೀಳುತ್ತದೆ, ಯಾರನ್ನು ನಾವು ಅರಿಯದೆಯೇ ಹಿಂದೆ ಬಿಟ್ಟುಬಿಡುತ್ತೇವೆ ಎಂಬುದೆಲ್ಲ ಬಯಲಾಗುತ್ತದೆ. ಈ ಅರಿವು ನಮಗೆ ಬಂದುದು ಒಂದು ಸಫಾರಿ ಪ್ರವಾಸದ ಸಿದ್ಧತೆಯ ನಡುವೆ. ಅದನ್ನು ನಮ್ಮ ಕಥೊಲಿಕ ಬಾಂಧವರೊಂದಿಗೆ ಹಂಚಿಕೊಳ್ಳುವುದು ಉಚಿತವೆಂದು ತೋರಿದ್ದರಿಂದ ಈ ಬರಹ.

ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳೊಂದಿಗೆ ಬೆಳೆದ ಊರು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿರಿಸಿದ ಆ ಯೋಜನೆಯ ಕೆಲಸಕ್ಕೆಂದು ನಾಡಿನ ನಾನಾ ಮೂಲೆಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿದವು. ಹೀಗೆ ಬಂದವರ ರಜೆಗಳೆಲ್ಲ ಸಾಮಾನ್ಯವಾಗಿ ಹುಟ್ಟೂರಿನ ಮದುವೆ, ನಾಮಕರಣ, ಮರಣಸ್ಮರಣೆಗಳಿಗೇ ಮೀಸಲು. ಮನೆಯವರು ತಮ್ಮತಮ್ಮಲ್ಲೇ ಕಳೆಯುವ ದಿನ ಬಹಳ ಅಪರೂಪ. ಆದ್ದರಿಂದಲೇ, ಒಂದು ಭಾನುವಾರ ಪೂಜೆ ಮುಗಿಸಿ ಬಂದು ಊಟಕ್ಕೆ ಕುಳಿತಾಗ ಮಕ್ಕಳು "ಈ ಸಲ ಯಾರ ಮದುವಿಗೂ ಬ್ಯಾಡ, ಹುಲಿ ನೋಡಾಕ ಹೋಗೋಣು" ಎಂದುದನ್ನು ನಾವು ನಕ್ಕು ತಳ್ಳಿಹಾಕಲಿಲ್ಲ.

ಎಲ್ಲಿಗೆ?

ಸಫಾರಿ ಎಂದೊಡನೆ ಎಲ್ಲರ ಬಾಯಿಗೆ ಬರುವ ಹೆಸರು ಬನ್ನೇರುಘಟ್ಟ. ಆದರೆ ಅದು ಬೆಂಗಳೂರಿನ ಆಚೆ ಬದಿಯಲ್ಲಿದೆ. ನಮ್ಮ ಭಾಗದವರಿಗೆ ಅದು ಒಂದು ದಿನದ ಮಾತಲ್ಲ. ಎರಡನೆಯದು ಹೈದರಾಬಾದಿನ ನೆಹರೂ ಮೃಗಾಲಯ. 1963ರಲ್ಲಿ ತೆರೆದ ಈ ಹಳೆಯ ಮೃಗಾಲಯದಲ್ಲಿಯೂ ಸಫಾರಿಯುಂಟು. ಯಾದಗಿರಿಯಿಂದ ರೈಲಿನ ಅನುಕೂಲವಿರುವುದರಿಂದ, ರಸ್ತೆ ಪ್ರಯಾಣ ಒಗ್ಗದವರಿಗೆ ಇದು ಒಳ್ಳೆಯ ಆಯ್ಕೆ. ಮೂರನೆಯದು ಹಂಪಿಯ ನೆರೆಯ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ. ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದಲ್ಲಿ ರೂಪುಗೊಂಡು 2017ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಇಲ್ಲಿ ಮೊದಲು ಜಿಂಕೆ, ಕಡವೆ ಮುಂತಾದ ಸಸ್ಯಾಹಾರಿಗಳ ಸಫಾರಿಯೂ ತರುವಾಯ ಹುಲಿ, ಸಿಂಹಗಳ ಸಫಾರಿಯೂ ಆರಂಭವಾದವು. ನಮ್ಮೂರಿನಿಂದ ಇನ್ನೂರು ಕಿಲೋಮೀಟರಿಗೂ ತುಸು ಮಿಗಿಲಾದ ದಾರಿ. ನಾವು ಆಯ್ದುಕೊಂಡುದು ಇದನ್ನೇ.

ಇಲ್ಲಿ ಒಂದು ಮಾತು. ಚಿಕ್ಕ ಮಕ್ಕಳಿರುವ ಮನೆಯವರು ಇಷ್ಟು ದೂರ ಹೊರಡುವ ಮುನ್ನ ಹತ್ತಿರದಲ್ಲೊಂದು ಅರ್ಧ ದಿನದ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮವು ನಮ್ಮ ಮನೆಬಾಗಿಲಲ್ಲೇ ಇದೆ. ಸುರಪುರದ ನಾಯಕ ಅರಸರ ಕಾಲದ ಆ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಸದ್ದು ಮಾಡದೆ ಕಾಯುವುದು, ಕೈ ತೋರಿಸಿ ಕೂಗದಿರುವುದು, ತಿಂದ ತಿನಿಸಿನ ಕಾಗದವನ್ನು ಚೀಲಕ್ಕೇ ಹಾಕಿಕೊಳ್ಳುವುದು, ಈ ಪಾಠಗಳನ್ನು ನಮ್ಮ ಮಕ್ಕಳು ಕಲಿತುದು ಬೋನಾಳದ ಏರಿಯ ಮೇಲೆಯೇ. ಹಕ್ಕಿಯ ಮುಂದೆ ಸುಮ್ಮನಿರಲು ಬಾರದ ಮಗುವಿಗೆ ಹುಲಿಯ ಮುಂದೆ ಸುಮ್ಮನಿರಲು ಬಾರದು.

ಯಾವಾಗ?

ದಿನ ಗೊತ್ತುಮಾಡುವಾಗ ಮೂರು ಪಂಚಾಂಗಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ: ಶಾಲೆಯದು, ಕಚೇರಿಯದು, ಧರ್ಮಸಭೆಯದು. ಪ್ರಾಣಿಸಂಗ್ರಹಾಲಯಗಳಿಗೂ ವಾರದ ರಜೆಯುಂಟೆಂಬುದು ನಾಲ್ಕನೆಯ ಸಂಗತಿ. ಅದನ್ನು ನಾವು ಕಲಿತುದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿಗೆ ಹೋಗಿದ್ದಾಗ, ವಿಚಾರಿಸದೆಯೇ ಮಂಗಳವಾರ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಮೃಗಾಲಯದ ಮುಚ್ಚಿದ ಬಾಗಿಲ ಮುಂದೆ ನಿಂತೆವು. ತಪ್ಪು ಸಂಪೂರ್ಣವಾಗಿ ನಮ್ಮದೇ. ಬಾಗಿಲ ಸರಳುಗಳ ನಡುವಿನಿಂದ ಒಳಗಿನ ಖಾಲಿ ದಾರಿಯನ್ನು ನೋಡುತ್ತ ನಿಂತ ಕಿರಿಯವಳ ಮುಖ ಇಂದಿಗೂ ನಮ್ಮ ಕಣ್ಣ ಮುಂದಿದೆ. ರಾಜ್ಯದ ಮೃಗಾಲಯಗಳಿಗೆ ಮಂಗಳವಾರ, ಹೈದರಾಬಾದಿನದಕ್ಕೆ ಸೋಮವಾರ ರಜೆ ಎಂಬುದು ಸಾಮಾನ್ಯ ರೂಢಿ. ಹಬ್ಬಗಳ ಸಮಯದಲ್ಲಿ ಬದಲಾವಣೆಯಾಗಬಹುದಾದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳುವುದು ಲೇಸು.

ಹವಾಮಾನವೂ ಗಮನಾರ್ಹ. ಬೇಸಿಗೆ ರಜೆಯಲ್ಲಿ ಹೋಗೋಣವೆಂಬುದು ಮಕ್ಕಳ ಆಸೆ. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮನುಷ್ಯರೂ ಬಳಲುತ್ತಾರೆ, ಪ್ರಾಣಿಗಳೂ ನೆರಳು ಬಿಟ್ಟು ಕದಲುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯ ಆರಂಭದವರೆಗಿನ ದಿನಗಳೇ ಪ್ರಶಸ್ತ. ಕ್ರಿಸ್ಮಸ್ ಗದ್ದಲ ಕಳೆದು ತಪಸ್ಸುಕಾಲ ಇನ್ನೂ ಬಾರದ ಜನವರಿಯನ್ನು ನಾವು ಆರಿಸಿಕೊಂಡೆವು. ದಸರೆಯ ರಜೆಯಲ್ಲಿ ಹೋಗುವವರಿಗೆ ಇನ್ನೊಂದು ಸಂತೋಷವಿದೆ. ಅಕ್ಟೋಬರ್ 2ರಿಂದ 8ರವರೆಗೆ ನಮ್ಮ ದೇಶದಲ್ಲಿ ವನ್ಯಜೀವಿ ಸಪ್ತಾಹ. ಅದರ ನಡುವೆಯೇ, 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಬರುತ್ತದೆ.

ಇನ್ನು ಭಾನುವಾರದ ಪ್ರಶ್ನೆ. ಪ್ರವಾಸಕ್ಕಾಗಿ ಪೂಜೆಯನ್ನು ಬಿಡುವುದು, "ಒಂದು ವಾರ ತಾನೆ" ಎಂದು ಸಮಾಧಾನ ಹೇಳಿಕೊಳ್ಳುವುದು ಇಂದು ಅನೇಕ ಮನೆಗಳಲ್ಲಿ ರೂಢಿಯಾಗುತ್ತಿದೆ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಆದರೆ ಸಣ್ಣ ಊರುಗಳಲ್ಲಿ ಎಲ್ಲೆಡೆ ಆ ಅನುಕೂಲವಿರದು. ನಾವು ಬೇರೆ ದಾರಿ ಹಿಡಿದೆವು. ಎರಡನೆಯ ಶನಿವಾರ ಸರಕಾರಿ ರಜೆ. ಅಂದು ನಸುಕಿನಲ್ಲಿ ಹೊರಟು, ರಾತ್ರಿ ಹೊಸಪೇಟೆಯಲ್ಲಿ ಪರಿಚಿತರ ಮನೆಯಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಅಲ್ಲಿಯೇ ಪೂಜೆಯಲ್ಲಿ ಪಾಲ್ಗೊಂಡು ಮರಳುವುದೆಂದು ನಿಶ್ಚಯಿಸಿದೆವು. ಊರು ಬೇರೆಯಾದರೂ ಪೀಠದ ಮೇಲಿನ ಬಲಿ ಒಂದೇ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ.

ಯಾರು ಯಾರು?

ಯೋಜನೆಯ ಕಾಗದದಲ್ಲಿ ಹೆಸರುಗಳನ್ನು ಬರೆಯುವಾಗ ನಮ್ಮ ಆಯಿ, ಎಂಬತ್ತು ದಾಟಿದವರು, ತಾವಾಗಿಯೇ ಹೇಳಿದರು: "ನಂದು ಹಿಡೀಬ್ಯಾಡ್ರಿ. ಮೊಣಕಾಲು ಹಿಡದಾವ. ಮನಿ ಕಾಯಾಕ ಒಬ್ಬರರೆ ಬೇಕಲ್ಲ." ನಾವೆಲ್ಲರೂ ಒಂದು ಕ್ಷಣ ಸುಮ್ಮನಾದೆವು. ಆ ಮೌನದಲ್ಲಿ ಸ್ವಲ್ಪ ನೆಮ್ಮದಿಯೂ ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆಯಿ ಬಾರದಿದ್ದರೆ ಮೇಲಿಂದ ಮೇಲೆ ವಾಹನ ನಿಲ್ಲಿಸುವಂತಿಲ್ಲ, ಮೆತ್ತಗಿನ ಅನ್ನ ಬೇರೆ ಕಟ್ಟಿಕೊಳ್ಳುವಂತಿಲ್ಲ, ಒಂದು ಸೀಟು ಮಿಗುತ್ತದೆ. ಮನೆಯ ಹಿರಿಯರು "ನಾ ಬರಲ್ಲ" ಎಂದಾಗ ಕಿರಿಯರು ಎಷ್ಟು ಬೇಗ ಒಪ್ಪಿಬಿಡುತ್ತೇವೆ!

ಕಾಗದವನ್ನು ಮಡಿಸಿಡುತ್ತಿದ್ದಾಗ ಹಿರಿಯ ಮೊಮ್ಮಗ ಕೇಳಿದ: "ಆಯಿ, ನಿನಗ ಹುಲಿ ಅಂದ್ರ ಅಂಜಿಕಿ ಏನ?" ಆಗ ಹೊರಬಿದ್ದಿತು ನಿಜವಾದ ಕಾರಣ. "ಅಂಜಿಕಿ ಇಲ್ಲಪ್ಪ. ನಾ ಸಣ್ಣಾಕಿ ಇದ್ದಾಗ ಊರಿಗಿ ಕರಡಿ ಕುಣಸವರು ಬರ್ತಿದ್ರು. ಅದರ ಮೂಗಿನಾಗ ಹಗ್ಗ ಪೋಣಿಸಿದ್ರು. ಜಗ್ಗಿದಾಗೊಮ್ಮ ಅದು ಎದ್ದು ನಿಲ್ತಿತ್ತು. ನಾವೆಲ್ಲ ಚಪ್ಪಾಳಿ ಹೊಡೀತಿದ್ದಿವಿ. ಒಂದಿನ ಹತ್ರ ಹೋಗಿ ನೋಡ್ದೆ, ಮೂಗಿನ ಗಾಯದಾಗ ನೊಣ ಮುತ್ತಿದ್ವು. ಅವತ್ತಿಂದ ಕಟ್ಟಿ ಹಾಕಿದ ಪ್ರಾಣಿ ನೋಡಾದು ನನಗ ಬ್ಯಾಡ ಆಗ್ಯದ." ಎಪ್ಪತ್ತು ವರ್ಷಕ್ಕೂ ಮೀರಿ ಆಯಿ ಈ ಮಾತನ್ನು ತಮ್ಮೊಳಗೇ ಇಟ್ಟುಕೊಂಡಿದ್ದರು. ಮೊಣಕಾಲಿನ ಮಾತು ನಮ್ಮ ಮನಸ್ಸು ನೋಯಬಾರದೆಂದು ಹೇಳಿದ್ದು.

ಆ ರಾತ್ರಿ ನಮ್ಮ ಚರ್ಚೆಯ ವಿಷಯವೇ ಬದಲಾಯಿತು. ನಮಗೆ ತಿಳಿದಷ್ಟನ್ನು ಆಯಿಗೆ ಹೇಳಿದೆವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1998ರಲ್ಲಿ ಕೇಂದ್ರ ಸರಕಾರವು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. ಸರ್ಕಸ್ಸಿನವರು ನ್ಯಾಯಾಲಯದ ಮೆಟ್ಟಿಲೇರಿದರೂ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು. ಸರ್ಕಸ್ಸುಗಳಿಂದ ಬಿಡುಗಡೆಯಾದ ಸಿಂಹಗಳಿಗೂ ಕುಣಿಯುವ ಕರಡಿಗಳಿಗೂ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಬಡ ಖಲಂದರ್ ಕುಟುಂಬಗಳಿಗೆ ಬೇರೆ ಉದ್ಯೋಗ ಕಲ್ಪಿಸುವ ಪ್ರಯತ್ನಗಳೂ ಜೊತೆಗೇ ನಡೆದವು. 2009ರಲ್ಲಿ ಕೊನೆಯ ಕುಣಿಯುವ ಕರಡಿಯ ಹಗ್ಗವೂ ಬಿಚ್ಚಿತೆಂದು ಆ ಕಾರ್ಯದಲ್ಲಿ ತೊಡಗಿದವರು ಸಾರಿದರು. ಆಯಿ ಎಲ್ಲವನ್ನೂ ಕೇಳಿ, "ಹಗ್ಗ ಇಲ್ಲದ ಕರಡಿ ಎಲ್ಲಿ ಅದಾವ?" ಎಂದರು.

ಕಮಲಾಪುರದ ಪಕ್ಕದಲ್ಲೇ ಇವೆ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಬೇಲಿಯೊಳಗಿನ ಕರಡಿಗಳಿಲ್ಲ. ಬಂಡೆಗಲ್ಲಿನ ಗುಡ್ಡಗಳಲ್ಲಿ ತಾವೇ ಬಾಳುವ ಕರಡಿಗಳಿವೆ. ಹೀಗೆ ನಮ್ಮ ಯೋಜನೆಗೆ ದರೋಜಿಯೂ ಸೇರಿತು, ಆಯಿಯ ಹೆಸರೂ ಸೇರಿತು. ಅಂದಿನಿಂದ ಎಲ್ಲ ಲೆಕ್ಕಾಚಾರವನ್ನೂ ಅವರ ಮೊಣಕಾಲಿನ ಮೇಲಿಂದಲೇ ಮಾಡಿದೆವು. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ತಕ್ಕಂತೆ ಯೋಜಿಸಿದರೆ ಯಾರೂ ಹಿಂದುಳಿಯುವುದಿಲ್ಲವೆಂಬುದು ನಾವು ಕಂಡುಕೊಂಡ ಸೂತ್ರ.

ದಾರಿ ಮತ್ತು ಬುತ್ತಿ

ನೆರೆಯ ಇನ್ನೊಂದು ಕುಟುಂಬದೊಡನೆ ಕೂಡಿ ಒಂದು ಕ್ರೂಸರ್ ಗೊತ್ತುಮಾಡಿದೆವು. ಖರ್ಚು ಹಂಚಿಹೋಗುತ್ತದೆ, ಮಕ್ಕಳಿಗೆ ಜೊತೆಯೂ ಸಿಗುತ್ತದೆ. ವಾಹನದ ಮಾತು ಬಂದಾಗ ಚಾಲಕನನ್ನು ಮರೆಯಬಾರದು. ವಿಶ್ರಾಂತಿಯ ದಿನದ ಬಗ್ಗೆ ವಿಮೋಚನಾಕಾಂಡವು ಹೇಳುವಾಗ ಎತ್ತು, ಕತ್ತೆ, ಆಳುಮಕ್ಕಳು, ಪರದೇಶಿಗಳು ಎಲ್ಲರಿಗೂ ಆ ವಿಶ್ರಾಂತಿ ಸಲ್ಲಬೇಕೆನ್ನುತ್ತದೆ. ನಮ್ಮ ಸಂತೋಷದ ದಿನವು ಇನ್ನೊಬ್ಬನಿಗೆ ನಿದ್ದೆಗೆಟ್ಟ ದುಡಿಮೆಯ ದಿನವಾಗಬಾರದು. ರಾತ್ರೋರಾತ್ರಿ ಮರಳುವ ಆಲೋಚನೆಯನ್ನು ಕೈಬಿಟ್ಟುದಕ್ಕೆ ಇದೂ ಒಂದು ಕಾರಣ. ಚಾಲಕನ ಊಟ, ರಾತ್ರಿಯ ನಿದ್ದೆ ಎರಡನ್ನೂ ನಮ್ಮ ಲೆಕ್ಕದಲ್ಲೇ ಸೇರಿಸಿದೆವು.

ಬುತ್ತಿಗೆ ಸಜ್ಜೆಯ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಆಯಿಗೆ ಮೊಸರನ್ನ, ಮಕ್ಕಳಿಗೆ ಚುರುಮುರಿ. ನೀರನ್ನು ಮನೆಯಿಂದಲೇ ದೊಡ್ಡ ಕ್ಯಾನುಗಳಲ್ಲಿ ತುಂಬಿಕೊಂಡೆವು. ಪ್ಲಾಸ್ಟಿಕ್ ಚೀಲಗಳನ್ನು ಒಯ್ಯಲಿಲ್ಲ. ಊಟವನ್ನು ಪ್ರಾಣಿಗಳ ಆವರಣದ ಬಳಿ ಬಿಚ್ಚದೆ, ನಿಗದಿಯಾದ ಸ್ಥಳದಲ್ಲೇ ಮಾಡಬೇಕೆಂದು ಮಕ್ಕಳಿಗೆ ಮೊದಲೇ ತಿಳಿಸಿದ್ದೆವು. ಆಯಿಯ ಔಷಧಿ, ಒಂದು ಕಂಬಳಿ, ಮಡಿಚುವ ಸಣ್ಣ ಕುರ್ಚಿ, ಜೊತೆಗೆ ಎಲ್ಲರ ಜಪಸರಗಳು.

ನಸುಕಿನ ನಾಲ್ಕೂವರೆಗೆ ಹೊರಟೆವು. ಸುರಪುರ ದಾಟುವಷ್ಟರಲ್ಲಿ ಜಪಸರದ ಐದು ರಹಸ್ಯಗಳೂ ಮುಗಿದವು. ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಗಂಗಾವತಿಗಳ ಮಾರ್ಗವಾಗಿ ಸಾಗಿದೆವು. ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಮಕ್ಕಳಿಗೆ ಅಶೋಕನ ಶಾಸನದ ಸಂಗತಿ ತಿಳಿಸಿದೆವು. 1915ರಲ್ಲಿ ಬೆಳಕಿಗೆ ಬಂದ ಇಲ್ಲಿನ ಶಾಸನದಲ್ಲಿಯೇ 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕನೆಂಬ ಹೆಸರೂ ಕಂಡುಬಂದದ್ದು. ಅದೇ ಅರಸ ತನ್ನ ಬೇರೆ ಶಾಸನಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು, ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯನ್ನು ಬರೆಸಿದ್ದಾನೆ. ಮೂಕಪ್ರಾಣಿಯ ಮೇಲಿನ ಕರುಣೆ ಹೊರಗಿನಿಂದ ಬಂದ ಹೊಸ ಫ್ಯಾಷನ್ ಅಲ್ಲ. ನಮ್ಮ ದಾರಿಬದಿಯ ಬಂಡೆಗಳಿಗೂ ಅದು ಗೊತ್ತು.

ಬೋನಿನೊಳಗೆ ನಾವು

ಸಫಾರಿ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯ ಪದ. ಅದರ ಮೂಲವಾದ ಅರಬ್ಬಿಯ 'ಸಫರ್' ನಮ್ಮ ಭಾಗದವರಿಗೆ ಉರ್ದುವಿನ ಮೂಲಕ ಚಿರಪರಿಚಿತವೇ: ಪ್ರಯಾಣ ಎಂದರ್ಥ. ಸಫಾರಿಯ ವಾಹನಕ್ಕೆ ಕಬ್ಬಿಣದ ಜಾಲರಿ ಬಿಗಿದಿರುತ್ತದೆ. ಪ್ರಾಣಿ ಹೊರಗೆ ಬಯಲಿನಲ್ಲಿ, ಮನುಷ್ಯ ಒಳಗೆ ಬೋನಿನಲ್ಲಿ. ವಾಹನ ಹತ್ತುವ ಮುನ್ನ ಆಯಿ ಆ ಜಾಲರಿಯನ್ನು ಮುಟ್ಟಿ ನೋಡಿ, "ಇದು ಬೇಷ್ ಅದ. ಈಗ ಕಟ್ಟಿ ಹಾಕಿದ್ದು ನಮ್ಮನ್ನ" ಎಂದು ನಕ್ಕರು.

ಉದ್ಯಾನದ ಈ ಬಯಲು ಕೂಡ ಬೇಲಿಯೊಳಗಿನದೇ, ಕಾಡಲ್ಲ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಇಲ್ಲಿನ ಪ್ರಾಣಿಗಳಲ್ಲಿ ಎಷ್ಟೋ ಮನುಷ್ಯರ ಆರೈಕೆಯಲ್ಲೇ ಹುಟ್ಟಿದವು, ಕಾಡಿಗೆ ಬಿಟ್ಟರೆ ಬದುಕಲಾರವು. ಹಾಗಿರುವಾಗ ಅವುಗಳಿಗೆ ನೆರಳು, ನೀರು, ಓಡಾಡಲು ಜಾಗ ಒದಗಿಸುವುದು ಮನುಷ್ಯನು ತೀರಿಸಬೇಕಾದ ಋಣ. ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ತಿನಿಸು ಎಸೆಯುವುದು, ಗದ್ದಲ ಮಾಡಿ ಹೆದರಿಸುವುದು ಕಾಯಿದೆಯ ಪ್ರಕಾರ ಅಪರಾಧ. ಆದರೂ ಅಂದು ಒಬ್ಬ ತಂದೆ ತನ್ನ ಮಗುವನ್ನು ನಗಿಸಲೆಂದು ಮಂಗಗಳ ಆವರಣದತ್ತ ಕಡಲೆಕಾಯಿ ತೂರುತ್ತಿದ್ದುದನ್ನು ಕಂಡೆವು. ಮಗು ಅಂದು ಕಲಿತುದು ಪ್ರಾಣಿಯ ಹೆಸರನ್ನಲ್ಲ, ನಿಯಮ ಮುರಿಯುವ ಸುಲಭವನ್ನು.

ಹುಲಿ ಕಂಡಿತೇ? ಕಂಡಿತು. ಒಂದು ಪೊದೆಯ ನೆರಳಿನಲ್ಲಿ ಬೆನ್ನು ಮಾಡಿ ಮಲಗಿತ್ತು. ಬಾಲದ ತುದಿ ಒಮ್ಮೆ ಮಾತ್ರ ಅಲುಗಾಡಿತು. ಗರ್ಜನೆಯ ಕನಸು ಕಂಡಿದ್ದ ಮಕ್ಕಳಿಗೆ ನಿರಾಸೆಯಾಯಿತು. ಕಿರಿಯವಳು ಕೂಗಲು ಬಾಯಿ ತೆರೆದವಳು ಬೋನಾಳದ ಏರಿಯನ್ನು ನೆನೆದು ತಾನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಷ್ಟಾದರೆ ಸಾಕು, ಆ ದಿನದ ಖರ್ಚು ಸಾರ್ಥಕವೆಂದು ನಮಗನಿಸಿತು.

ಸಂಜೆಯ ದರೋಜಿ

ಮಧ್ಯಾಹ್ನ ಊಟ, ವಿಶ್ರಾಂತಿಯ ನಂತರ ದರೋಜಿಗೆ ಹೋದೆವು. ಅಲ್ಲಿ ಮಧ್ಯಾಹ್ನದ ಮೇಲಷ್ಟೇ ಪ್ರವೇಶ. ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಅರಣ್ಯ ಸಿಬ್ಬಂದಿ ಬೆಲ್ಲ ಬೆರೆಸಿದ ತಿನಿಸನ್ನು ಸವರಿಡುವ ರೂಢಿಯಿದೆ. ಕರಡಿಗಳು ಗುಹೆಗಳಿಂದ ಹೊರಬಂದು ನೆಕ್ಕುವುದನ್ನು ದೂರದ ವೀಕ್ಷಣಾ ಗೋಪುರದಿಂದ ನೋಡಬೇಕು. ಆಯಿ ಇಬ್ಬರು ಮೊಮ್ಮಕ್ಕಳ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಏರಿದರು. ನಾವು ತಂದಿದ್ದ ಕುರ್ಚಿಯಲ್ಲಿ ಕೂರಿಸಿ, ದುರ್ಬೀನನ್ನು ಅವರ ಕೈಗಿತ್ತೆವು.

ಮುಕ್ಕಾಲು ಗಂಟೆ ಏನೂ ಇಲ್ಲ. ನವಿಲೊಂದು ಬಂಡೆಯ ಮೇಲೆ ಹಾದುಹೋಯಿತು. ಆಮೇಲೆ ಬಂಡೆಗಳ ಸಂದಿಯಿಂದ ಕಪ್ಪು ಕೂದಲಿನ ರಾಶಿಯೊಂದು ಹೊರಬಂದಿತು. ಅದರ ಬೆನ್ನಿನ ಮೇಲೆ ಇನ್ನೊಂದು ಪುಟ್ಟ ರಾಶಿ. ತಾಯಿಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆಯಿ ಬಹಳ ಹೊತ್ತು ದುರ್ಬೀನನ್ನು ಕೆಳಗಿಳಿಸಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ಮೂಗು ನೋಡಿದ್ರೇನು? ಹಗ್ಗ ಇಲ್ಲ."

ಮರುದಿನ ಹೊಸಪೇಟೆಯ ಪೂಜೆಯಲ್ಲಿ ಆಯಿ ಪರಮಪ್ರಸಾದ ಸ್ವೀಕರಿಸಿ ಬಂದು ತುಂಬ ಹೊತ್ತು ತಲೆಬಾಗಿಸಿ ಕುಳಿತಿದ್ದರು. ಮರಳುವಾಗ ಮುದಗಲ್ಲಿನ ಮಾರ್ಗ ಹಿಡಿದೆವು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೂ ಕಥೊಲಿಕ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಊರದು. ಅಲ್ಲಿ ಅರ್ಧ ತಾಸು ನಿಂತು, ಪ್ರಾರ್ಥಿಸಿ, ಕತ್ತಲಾಗುವ ಮುನ್ನ ಮನೆ ಸೇರಿದೆವು.

ನೋಡಿ ಬಂದ ಮೇಲೆ

ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಪ್ರಾಣಿಗಳ ಮೇಲೆ ಅಧಿಕಾರವಿತ್ತರೆಂಬುದನ್ನು ನಾವೆಲ್ಲ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆ ಅಧಿಕಾರ ಮೂಗಿಗೆ ಹಗ್ಗ ಪೋಣಿಸುವ ಅಧಿಕಾರವಲ್ಲ, ತೋಟವನ್ನು ಕಾಯುವವನ ಹೊಣೆಗಾರಿಕೆ. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪತ್ರವು ಇದನ್ನೇ ಸ್ಪಷ್ಟಪಡಿಸಿತು. ಅದಕ್ಕೂ ಮೊದಲು, 1979ರಲ್ಲಿ, ಎರಡನೇ ಜಾನ್ ಪೌಲರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಸಾರಿದ್ದರು. ಜಲಪ್ರಳಯದ ನಂತರ ದೇವರು ಒಡಂಬಡಿಕೆ ಮಾಡಿಕೊಂಡುದು ನೋಹನ ಮನೆಯವರೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಸಕಲ ಜೀವಿಗಳೊಂದಿಗೂ ಹೌದು. ಈ ಸತ್ಯವನ್ನು ಮಕ್ಕಳಿಗೆ ಪುಸ್ತಕದಿಂದ ಹೇಳುವುದು ಒಂದು ಬಗೆ. ನಾವೆಯ ಆ ಪಯಣಿಗರನ್ನೇ ಕಣ್ಣಾರೆ ತೋರಿಸುವುದು ಇನ್ನೊಂದು ಬಗೆ.

ಆದರೆ ನಮ್ಮ ಮನೆಗೆ ಆ ಪ್ರವಾಸ ಕಲಿಸಿದ ದೊಡ್ಡ ಪಾಠ ಪ್ರಾಣಿಗಳ ಕುರಿತದ್ದಲ್ಲ. ಕಾಗದದ ಮೇಲೆ ಹೆಸರು ಬರೆಯುವಾಗ "ನನ್ನನ್ನು ಬಿಡಿ" ಎಂದವರನ್ನು ಇನ್ನೊಮ್ಮೆ ಕೇಳಬೇಕು ಎಂಬುದು ಆ ಪಾಠ. ಅವರ ನಿರಾಕರಣೆಯ ಹಿಂದೆ ಎಪ್ಪತ್ತು ವರ್ಷಗಳ ಒಂದು ಗಾಯವಿರಬಹುದು. ಇನ್ನು ಕೆಲವರ ನಿರಾಕರಣೆಯ ಹಿಂದೆ ಹಣದ ಅಡಚಣೆಯೋ ಹೊರೆಯಾಗುವೆನೆಂಬ ಸಂಕೋಚವೋ ಇರಬಹುದು. ಎರಡನೆಯ ಸಲ ಕೇಳುವವರಿಗೆ ಮಾತ್ರ ಅದು ತಿಳಿಯುತ್ತದೆ.

ಅದೇ ಆಯಿಯ ಕೊನೆಯ ದೂರಪ್ರಯಾಣವಾಯಿತು. ಮುಂದಿನ ಮಳೆಗಾಲ ಕಳೆಯುವ ಮುನ್ನವೇ ದೇವರು ಅವರನ್ನು ತಮ್ಮೆಡೆಗೆ ಕರೆದುಕೊಂಡರು. ಹಾಸಿಗೆ ಹಿಡಿದ ದಿನಗಳಲ್ಲಿ ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಹುಲಿಯ ವಿಷಯವನ್ನಲ್ಲ. ಮರಿಯನ್ನು ಬೆನ್ನ ಮೇಲೆ ಹೊತ್ತ, ಮೂಗಿನಲ್ಲಿ ಹಗ್ಗವಿಲ್ಲದ ಆ ಕರಡಿಯ ವಿಷಯವನ್ನು.

ನಿಮ್ಮ ಮನೆಯಲ್ಲಿಯೂ ಇಂತಹ ಒಂದು ದಿನದ ಆಲೋಚನೆ ಇದ್ದರೆ, ಬಾಂಧವರೇ, ವಾಹನಕ್ಕೂ ಬುತ್ತಿಗೂ ಮೊದಲು ಹಿರಿಯರ ಬಳಿ ಕುಳಿತು ಕೇಳಿರಿ. ಅವರ ಹೆಸರಿನಿಂದಲೇ ಪಟ್ಟಿ ಆರಂಭವಾಗಲಿ.